ಪ್ರಶಸ್ತಿಗೆ ನಾವೇ ಅರ್ಜಿ ಹಾಕಬೇಕಾ?

ಶಾಲೆ ಡೈರಿ, ಭಾಗ 7

“ಮಿಸ್, ಪ್ರಶಸ್ತಿಗೆ ನಾವೇ ಅರ್ಜಿ ಹಾಕ್ಕೊಳೋದು ಒಂಥರಾ ಅನ್ಸಲ್ವಾ? ನಮ್ಮನ್ನ ನಾವೇ ಹೊಗಳ್ಕೊಂಡ ಹಾಗೆ?”

ಹೋದ ಭಾಗಕ್ಕೆ ಬಂದ ಕಾಮೆಂಟುಗಳಲ್ಲಿ ಇದೇ ಪ್ರಶ್ನೆ ಜಾಸ್ತಿ. ಕೇಳಿದವರಲ್ಲಿ ಹೆಚ್ಚಿನವರು ಸರ್ಕಾರಿ ಶಾಲೆ ಮೇಷ್ಟ್ರು, ಮಿಸ್ಸುಗಳೇ. ಉತ್ತರ ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಮೊದಲು ನಿಯಮ ತಿಳ್ಕೊಳ್ಳಿ. ರಾಷ್ಟ್ರೀಯ ಶಿಕ್ಷಕರ ಪ್ರಶಸ್ತಿ ಶುರುವಾಗಿದ್ದು 1958ರಲ್ಲಿ. 2018ರಿಂದ ಶಿಕ್ಷಕರು ಸ್ವತಃ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು. ಜಿಲ್ಲಾ ಸಮಿತಿ, ಆಮೇಲೆ ರಾಜ್ಯ ಸಮಿತಿ, ಕೊನೆಗೆ ರಾಷ್ಟ್ರಮಟ್ಟದ ತೀರ್ಪುಗಾರರು ನೋಡ್ತಾರೆ. ಅರ್ಜಿ ಜೊತೆ ದಾಖಲೆ, ಫೋಟೋ, ವಿಡಿಯೋ ಕೇಳ್ತಾರೆ. ಅಂದ್ರೆ ನಿಯಮವೇ ನಿಮ್ಮನ್ನ ಕೇಳ್ತಾ ಇದೆ, “ಏನು ಮಾಡಿದ್ದೀರಿ, ತೋರಿಸಿ” ಅಂತ. ಇದರಲ್ಲಿ ಹೊಗಳಿಕೆ ಎಲ್ಲಿ ಬಂತು? ಇದು ಲೆಕ್ಕ ಒಪ್ಪಿಸೋದು.

ಈ ಲೆಕ್ಕ ಒಪ್ಪಿಸೋದನ್ನ ನಾನು ಕಲಿತಿದ್ದು ಪ್ರಶಸ್ತಿಯಿಂದ ಅಲ್ಲ, ಅನುದಾನದಿಂದ.

ಸಮಗ್ರ ಶಿಕ್ಷಣದ ಶಾಲಾ ಅನುದಾನ ನಿಮಗೆ ಗೊತ್ತೇ ಇದೆ. 31ರಿಂದ 100 ಮಕ್ಕಳಿದ್ರೆ ವರ್ಷಕ್ಕೆ 25,000 ರೂಪಾಯಿ, 100 ದಾಟಿ 250ರವರೆಗೆ ಇದ್ರೆ 50,000. ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ ಖರ್ಚು ಮಾಡಬೇಕು. ಇದು ಮಕ್ಕಳ ಸಂಖ್ಯೆ ನೋಡಿ ಬರೋ ದುಡ್ಡು. ಸೀಮೆಸುಣ್ಣ, ಕರೆಂಟ್ ಬಿಲ್ಲು, ಸಣ್ಣಪುಟ್ಟ ರಿಪೇರಿಗೆ ಸರಿಹೋಗುತ್ತೆ. ಆದ್ರೆ ಕೆಲವು ಸೌಲಭ್ಯ ಹಾಗಲ್ಲ, ಬೇಕು ಅಂತ ಶಾಲೆಯೇ ಬರೆದು ಕೇಳಬೇಕು.

ನಮ್ಮ ಹನಗೋಡು ಕಡೆ ಬಂದಿದ್ರೆ ನಿಮಗೆ ಗೊತ್ತಿರುತ್ತೆ. ಲಕ್ಷ್ಮಣತೀರ್ಥದ ಅಣೆಕಟ್ಟೆ, ಗದ್ದೆ ಬಯಲು, ಹೊಗೆಸೊಪ್ಪಿನ ಹೊಲ, ಬ್ಯಾರನ್ನು. ಅದರಾಚೆ ನಾಗರಹೊಳೆ ಕಾಡಂಚು, ಹಾಡಿಗಳು. ಒಂದು ಹಾಡಿಯಿಂದ ನಮ್ಮ ಶಾಲೆಗೆ 11 ಮಕ್ಕಳು ಬರ್ತಾರೆ. ರಾತ್ರಿ ಆನೆ ಕಂದಕ ದಾಟಿ ಬಂದಿದೆ ಅಂತ ಸುದ್ದಿಯಾದ್ರೆ ಬೆಳಿಗ್ಗೆ 11 ಮಕ್ಕಳೂ ಗೈರು. ಯಾವ ತಾಯಿ ತಾನೇ ಕಳಿಸ್ತಾಳೆ?

ನಮ್ಮ ರಾಜ್ಯದ 2012ರ ಶಿಕ್ಷಣ ಹಕ್ಕು ನಿಯಮದ ಪ್ರಕಾರ 1ರಿಂದ 5ನೇ ತರಗತಿಗೆ ಶಾಲೆ 1 ಕಿ.ಮೀ. ಒಳಗೆ ಇರಬೇಕು, 6ರಿಂದ 8ಕ್ಕೆ 3 ಕಿ.ಮೀ. ಒಳಗೆ. ದೂರದಿಂದ ಬರೋ ಮಕ್ಕಳ ಸಾರಿಗೆಗೆ, ಬೆಂಗಾವಲಿಗೆ ಸಮಗ್ರ ಶಿಕ್ಷಣದಲ್ಲಿ ನೆರವಿದೆ. ಎಸ್‌ಡಿಎಂಸಿ ಸಭೆಯಲ್ಲಿ ಇದನ್ನ ಇಟ್ಟೆ. ಇಂಥ ಅರ್ಜಿಗಳ ಹಳೇ ಧಾಟಿ ಎಲ್ರಿಗೂ ಬಾಯಿಪಾಠ. ‘ಕಡುಬಡ ಮಕ್ಕಳು, ತಾವು ದೊಡ್ಡ ಮನಸ್ಸು ಮಾಡಿ’ ಅಂತ ಒಬ್ಬರು ಹೇಳೋಕೆ ಶುರು ಮಾಡಿದ್ರು. ಹಾಡಿಯ ಒಬ್ಬ ತಾಯಿ ತಡೆದ್ರು.

“ಭಿಕ್ಷೆ ಕೇಳ್ದಂಗೆ ಯಾಕ್ ಬರೀತೀರಾ ಮಿಸ್ಸೇ? ಎಷ್ಟ್ ದಿನ ನಮ್ ಮಕ್ಳು ಬರ್ನಿಲ್ಲ ಅಂತ ನಿಮ್ ಬುಕ್ನಲ್ಲೇ ಅದಲ್ಲ. ಅದ್ನೇ ಬರೀರಿ.”

ಅದನ್ನೇ ಬರೆದ್ವಿ. ಹಾಜರಿ ಪುಸ್ತಕ ತೆಗೆದು ಎಣಿಸಿದ್ರೆ, ಒಂದೇ ವರ್ಷದಲ್ಲಿ 23 ದಿನ ಆ 11 ಮಕ್ಕಳೂ ಒಟ್ಟಿಗೆ ಗೈರು. ಬೈಕಿನಲ್ಲಿ ದಾರಿ ಅಳೆದ್ವಿ, 4.2 ಕಿ.ಮೀ. ಮಕ್ಕಳ ಸ್ಯಾಟ್ಸ್ ಸಂಖ್ಯೆ, ತಾರೀಖುಗಳ ಪಟ್ಟಿ, ಎಸ್‌ಡಿಎಂಸಿ ನಡಾವಳಿ ಎಲ್ಲಾ ಸೇರಿ ನಾಲ್ಕು ಹಾಳೆ. ‘ದಯವಿಟ್ಟು’ ಅನ್ನೋ ಪದ ಒಂದೇ ಕಡೆ.

ಮೊದಲ ವರ್ಷ ಬರಲಿಲ್ಲ. ಎರಡನೇ ವರ್ಷ ಹೊಸ ಲೆಕ್ಕ ಸೇರಿಸಿ ಮತ್ತೆ ಕೊಟ್ವಿ, ಮಂಜೂರಾಯ್ತು. ದೊಡ್ಡ ದುಡ್ಡೇನಲ್ಲ. ತಾಯಂದಿರೇ ಮಾತಾಡಿ ಒಂದು ಆಟೋ ಗೊತ್ತು ಮಾಡಿದ್ರು. ದಿನಕ್ಕೊಬ್ಬರಂತೆ ಜೊತೆಗೆ ಬರ್ತಾರೆ. 23 ದಿನದ ಗೈರು ಈ ವರ್ಷ 6ಕ್ಕೆ ಇಳಿದಿದೆ.

ಎಲ್ಲಾ ಸರಿಹೋಯ್ತು ಅಂತ ಹೇಳ್ತಿಲ್ಲ. ಕಾಫಿ ಕೊಯ್ಲಿಗೆ ಅಪ್ಪ ಅಮ್ಮ ಕೊಡಗಿಗೆ ಹೊರಟರೆ ಮಕ್ಕಳೂ ಜೊತೆಗೆ ಹೋಗ್ತಾರೆ. ಆಟೋ ಆ ತೊಂದರೆಗೆ ಉತ್ತರ ಅಲ್ಲ. ವಲಸೆ ಹೋಗೋರ ಮಕ್ಕಳು ಆ ತಿಂಗಳುಗಳಲ್ಲಿ ಊರಲ್ಲೇ ಉಳಿದು ಓದೋಕೆ ಋತುಮಾನದ ವಸತಿ ವ್ಯವಸ್ಥೆ ಕೇಳಬಹುದು. ಅದಕ್ಕೂ ಈಗಿಂದಲೇ ತಾರೀಖು ಬರೆದಿಡ್ತಾ ಇದ್ದೀನಿ. ಯಾವ ಮಗು ಯಾವತ್ತು ಹೋಯ್ತು, ಯಾವತ್ತು ವಾಪಸ್ ಬಂತು, ಬಂದಾಗ ಎಲ್ಲಿವರೆಗಿನ ಪಾಠ ನೆನಪಿತ್ತು, ಎಲ್ಲಾ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ನನ್ನ ಪ್ರಶಸ್ತಿ ಅರ್ಜಿಯಲ್ಲಿ ಇರೋದು ಇದೇ ಹಾಳೆಗಳು. ಎರಡು ಸಲ ಹಾಕಿದ್ದೀನಿ, ಎರಡು ಸಲವೂ ಬಂದಿಲ್ಲ. ಬೇಜಾರಾಯ್ತಾ ಅಂದ್ರೆ, ಆಯ್ತು. ಪ್ರಶಸ್ತಿ ಯಾರಿಗೆ ಬೇಡ ಹೇಳಿ? ಆದ್ರೂ ಮುಂದಿನ ಸಲ ಹಾಕ್ತೀನಿ. ಹಾಡಿಯಿಂದ ಶಾಲೆಗೆ 4.2 ಕಿ.ಮೀ. ಅನ್ನೋದು ಹೀಗಾದ್ರೂ ಇನ್ನೊಂದು ಮೇಜಿನ ಮೇಲೆ ಹೋಗುತ್ತೆ, ಯಾರೋ ಒಬ್ಬರು ಓದ್ತಾರೆ. ನಾನು ನಾಚ್ಕೊಂಡು ಸುಮ್ಮನಿದ್ರೆ ಆ ಲೆಕ್ಕ ಬೀರುವಲ್ಲೇ ಉಳಿಯುತ್ತೆ.

ಅದಕ್ಕೇ ಹೇಳೋದು, ‘ನಿಷ್ಠೆಯಿಂದ ಸೇವೆ ಸಲ್ಲಿಸಿದ್ದೇನೆ’ ಅಂತ ಬರೀಬೇಡಿ, ಎಲ್ರೂ ಅದನ್ನೇ ಬರೀತಾರೆ. ಮೊದಲು ಹೇಗಿತ್ತು, ನೀವು ಏನು ಮಾಡಿದ್ರಿ, ಈಗ ಹೇಗಿದೆ, ಇನ್ನೂ ಏನು ಆಗಿಲ್ಲ, ಇಷ್ಟು ಸಾಕು. ಶಾಲು ಹೊದ್ದ ಫೋಟೋನೂ ಬೇಡ. ಮಕ್ಕಳ ಬಡತನದ ಫೋಟೋ ಅಂತೂ ಬೇಡವೇ ಬೇಡ. ಇವತ್ತಿನ ಫೋಟೋದಲ್ಲಿ ಹಾಜರಿ ಪುಸ್ತಕ ಮಾತ್ರ ಇದೆ, ಹೆಸರುಗಳನ್ನ ಮುಚ್ಚಿದ್ದೀನಿ.

ನಾಳೆ ಹಾಜರಿ ಕರೆದಾದ ಮೇಲೆ ಒಂದು ನೋಟ್‌ಬುಕ್ ತಗೊಂಡು ಒಂದೇ ಸಾಲು ಬರೀರಿ. ಯಾರು ಬಂದಿಲ್ಲ, ಯಾಕೆ. ಜೂನ್‌ನಿಂದ ಮಾರ್ಚ್‌ವರೆಗೆ ಬರೆದ್ರೆ ನಿಮ್ಮ ಶಾಲೆಗೆ ಏನು ಕೇಳಬೇಕು ಅಂತ ಆ ಪುಸ್ತಕವೇ ಹೇಳುತ್ತೆ.

ನಿಮ್ಮ ಶಾಲೆ ದಾರಿಯಲ್ಲಿ ಅಡ್ಡ ಇರೋದು ಏನು? ಆನೆಯಾ, ಹಳ್ಳವಾ, ಹೊಗೆಸೊಪ್ಪಿನ ಕೆಲಸವಾ? ಕಾಮೆಂಟ್ ಮಾಡಿ. ಮುಂದಿನ ಭಾಗದಲ್ಲಿ ಎಸ್‌ಡಿಎಂಸಿ ನಡಾವಳಿ ಬರೆಯೋದು ಹೇಗೆ ಅಂತ ನೋಡೋಣ.

#ಶಾಲೆಡೈರಿ #ಹನಗೋಡು #ಹುಣಸೂರು #ಸರ್ಕಾರಿಶಾಲೆ