ಕುರ್ಚಿಯೂ ಆಸನವೇ

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಿಗ್ಗೆ ಆರಕ್ಕೆ ಯೋಗದ ತರಗತಿ ಶುರುವಾಯಿತು. ಮನೆಯಾಕೆಯ ಕಾಟಕ್ಕೆ ನಾನೂ ಚಾಪೆ ಸುತ್ತಿಕೊಂಡು ಹೋದೆ. ಮೊದಲ ದಿನವೇ ಪದ್ಮಾಸನ. ಬಲಗಾಲೇನೋ ಹೇಗೋ ಎಡತೊಡೆಯನ್ನೇರಿತು; ಎಡಗಾಲು ಮಾತ್ರ ಸರ್ಕಾರಿ ಕಡತದ ಹಾಗೆ ಇದ್ದಲ್ಲಿಂದ ಅಲ್ಲಾಡಲಿಲ್ಲ. ಮೇಷ್ಟ್ರು ಕರುಣಾಳು. "ಬಿಡಿ ಸಾರ್, ನೀವು ಕುರ್ಚಿ ಮೇಲೆ ಕೂತ್ಕೊಂಡ್ಬಿಡಿ" ಎಂದರು. ನೆಲದ ಮೇಲೆ ಮೂವತ್ತು ಜನ, ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನೊಬ್ಬ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ಕೂತವನ ಹಾಗೆ ಕಾಣಿಸಿರಬೇಕು.

ಆ ಅವಮಾನದ ಹೊಟ್ಟೆಯುರಿಯಲ್ಲೇ ‘ಆಸನ’ ಎಂಬ ಮಾತಿನ ಬೆನ್ನು ಹತ್ತಿದೆ. ಸಂಸ್ಕೃತದ ‘ಆಸ್’ ಧಾತುವಿಗೆ ಕೂರು ಎಂದರ್ಥ. ಆಸನ ಎಂದರೆ ಕೂರುವುದು, ಕೂರುವ ಜಾಗ. ಅಷ್ಟೇ! ಈ ಲೆಕ್ಕದಲ್ಲಿ ತಲೆ ಕೆಳಗಾಗಿ ನಿಂತರೂ ಕೂತ ಹಾಗೆ, ಶವಾಸನದಲ್ಲಿ ಹೆಣದಂತೆ ಬಿದ್ದುಕೊಂಡರೂ ಕೂತ ಹಾಗೆ. ಪೂಜೆಯ ಹದಿನಾರು ಉಪಚಾರಗಳಲ್ಲೂ ಆವಾಹನೆ ಆದಕೂಡಲೇ ಬರುವುದು ಆಸನ. ಕಾಲಿಗೆ ನೀರು ಆಮೇಲೆ. ದೇವರೇ ಮನೆಗೆ ಬಂದರೂ ಮೊದಲು ಕೂರಿಸಬೇಕು. ನಮ್ಮಜ್ಜಿಯೂ ಹಾಗೆಯೇ, ಬಂದವರಿಗೆ ಮಣೆ ಹಾಕಿದ ಮೇಲೇ ಊರ ಸುದ್ದಿ ಕೇಳುತ್ತಿದ್ದಳು. ‘ಮಣೆ ಹಾಕುವುದು’ ಎಂದರೆ ಗೌರವ ಕೊಡುವುದು ಎಂದು ಕನ್ನಡ ಸುಮ್ಮನೆ ಅರ್ಥ ಮಾಡಿಕೊಂಡಿಲ್ಲ. ಇನ್ನು ಸಿಂಹಾಸನದ ತಮಾಷೆಯೇ ಬೇರೆ. ಅರಮನೆಯದಾದರೆ ಕೂತವರು ಗಂಭೀರವಾಗಿರಬೇಕು. ಹಠಯೋಗದ್ದಾದರೆ ಬಾಯಿ ಅಗಲಿಸಿ, ಮೂಗಿನ ತುದಿಯನ್ನೇ ದಿಟ್ಟಿಸಬೇಕು; ನಮ್ಮ ಮೇಷ್ಟ್ರ ಪ್ರಕಾರ ನಾಲಗೆಯನ್ನೂ ಚಾಚಬೇಕು.

ಪತಂಜಲಿಗಳು ಈ ವಿಷಯದಲ್ಲಿ ಮಹಾ ಜಿಪುಣರು. ಯೋಗಸೂತ್ರಗಳು ಒಟ್ಟು 195. ಕೆಲವು ಪ್ರತಿಗಳಲ್ಲಿ 196. ಅದರಲ್ಲಿ ಆಸನಕ್ಕೆ ಬಿಟ್ಟುಕೊಟ್ಟಿದ್ದು ಮೂರೇ ಮೂರು. ಕೂತದ್ದು ಅಲುಗಾಡಬಾರದು, ಹಿತವಾಗಿರಬೇಕು ಎನ್ನುವುದು ಮೊದಲನೆಯದು. ಒದ್ದಾಟ ಸಡಿಲಿಸಿ ಮನಸ್ಸನ್ನು ಅನಂತದಲ್ಲಿ ನಿಲ್ಲಿಸಿದರೆ ಅದು ಸಿದ್ಧಿಸುತ್ತದೆ ಎನ್ನುವುದು ಎರಡನೆಯದು. ಆಗ ಚಳಿ, ಸೆಕೆಯಂಥ ದ್ವಂದ್ವಗಳು ಬಾಧಿಸವು ಎನ್ನುವುದು ಮೂರನೆಯದು. ಕಾಲನ್ನು ಎಲ್ಲಿಡಬೇಕು ಎಂಬ ಸುದ್ದಿಯೇ ಇಲ್ಲ. ಆ ‘ಅನಂತ’ ಎಂದರೆ ಆದಿಶೇಷ ಎಂದು ವಾಚಸ್ಪತಿ ಮಿಶ್ರರ ವ್ಯಾಖ್ಯಾನ. ಭೂಮಿಯನ್ನು ಹೊತ್ತೂ ಅಲ್ಲಾಡದವನು ಅವನು. ಪತಂಜಲಿಗಳೇ ಆದಿಶೇಷನ ಅವತಾರ ಎಂದೂ ನಂಬಿಕೆಯಿದೆ. ಹಾಗಿದ್ದರೆ ಅವರು ತಮ್ಮ ಅನುಭವವನ್ನೇ ಬರೆದರು ಅನ್ನಬೇಕು.

ಆಮೇಲೆ ಶುರುವಾಯಿತು ನೋಡಿ ಲೆಕ್ಕ. ಹಠಯೋಗ ಪ್ರದೀಪಿಕೆಯಲ್ಲಿ 15, ಘೇರಂಡ ಸಂಹಿತೆಯಲ್ಲಿ 32. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ಚಿತ್ರ ಸಮೇತ 122. ಅದೇ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದರು. 1934ರಲ್ಲಿ ‘ಯೋಗ ಮಕರಂದ’ವನ್ನು ಬರೆದದ್ದು ಕನ್ನಡದಲ್ಲಿ. ಅವರ ಶಿಷ್ಯರು ಪಟ್ಟಾಭಿ ಜೋಯಿಸರು ಮತ್ತು ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್. ಅಯ್ಯಂಗಾರ್ 1966ರಲ್ಲಿ ಇಂಗ್ಲಿಷಿನಲ್ಲಿ ತಂದ ಪುಸ್ತಕದಲ್ಲಿ ಆಸನಗಳು ಇನ್ನೂರರ ಹತ್ತಿರ. ಕೂರುವುದನ್ನು ಕಲಿಸಲು ಹೊರಟ ಶಾಸ್ತ್ರ ಜಗತ್ತನ್ನೇ ಬಗ್ಗಿಸಿ, ಮಣಿಸಿ, ತಿರುಚಿತು. ತಪ್ಪೆನ್ನಲಾರೆ; ಬೆನ್ನುನೋವು ಕಳೆದುಕೊಂಡವರನ್ನು ನಾನೇ ಬಲ್ಲೆ. ಆದರೆ ಪಕ್ಕದ ಚಾಪೆಯವನು ಎಷ್ಟು ಬಗ್ಗಿದ ಎಂದು ಓರೆಗಣ್ಣಿನಲ್ಲಿ ನೋಡುತ್ತ ಬಗ್ಗಿದರೆ ಪತಂಜಲಿಗಳ ಎರಡನೆಯ ಸೂತ್ರ ಕೈಬಿಟ್ಟಿತೆಂದೇ ಲೆಕ್ಕ.

ನನ್ನ ಕುರ್ಚಿಗೆ ಬರೋಣ. ಸೂತ್ರಗಳ ಮೇಲೆ ವ್ಯಾಸಭಾಷ್ಯ ಇದೆಯಲ್ಲ, ಅದರಲ್ಲಿ ಹತ್ತಾರು ಆಸನಗಳ ಹೆಸರಿವೆ. ಪದ್ಮಾಸನ, ವೀರಾಸನ ಎನ್ನುತ್ತ ಹೋಗುವ ಪಟ್ಟಿಯ ನಡುವೆ ನನಗೊಂದು ನಿಧಿ ಸಿಕ್ಕಿತು: ‘ಸೋಪಾಶ್ರಯ’. ಉಪಾಶ್ರಯ ಸಹಿತ, ಅಂದರೆ ಆಧಾರ ಹಿಡಿದು ಕೂರುವುದು! ವ್ಯಾಖ್ಯಾನಕಾರರು ಅದನ್ನು ಯೋಗಪಟ್ಟಿ ಕಟ್ಟಿಕೊಂಡು ಕೂರುವುದು ಎಂದು ಬಿಡಿಸಿದ್ದಾರೆ. ಅಯ್ಯಂಗಾರರ ಪದ್ಧತಿಯಲ್ಲೂ ಬೆಲ್ಟು, ಹಲಗೆ, ಹಗ್ಗ, ಕೊನೆಗೆ ಕುರ್ಚಿ ಎಲ್ಲವೂ ಉಂಟು. ಭಾಷ್ಯಕಾರರಿಗೇ ಇಲ್ಲದ ಮಡಿ ನನಗೇಕೆ?

ಮರುದಿನವೇ ಮೇಷ್ಟ್ರಿಗೆ ಇಷ್ಟನ್ನೂ ಒಪ್ಪಿಸಿದೆ. ಸಾವಧಾನವಾಗಿ ಕೇಳಿ, "ಆಯ್ತು ಸಾರ್, ಆದ್ರೆ ಕುರ್ಚಿ ಮೇಲೆ ಗೊರಕೆ ಹೊಡೀಬೇಡಿ" ಎಂದರು. ಹಿತ ಒಪ್ಪಿಗೆ, ಗೊರಕೆ ಬೇಡ, ನ್ಯಾಯವೇ.

ನಂಬಿಕೆ ಬಾರದವರು ಹಂಪಿಗೆ ಹೋಗಿ ನೋಡಬಹುದು. ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ಒಂದೇ ಬಂಡೆಯಲ್ಲಿ ಕೆತ್ತಿದ ನರಸಿಂಹ ಅಲ್ಲಿ ಕೂತಿದ್ದಾನೆ. ಎಲ್ಲರೂ ಆ ಗುಡ್ಡೆಗಣ್ಣು ನೋಡಿ ಫೋಟೋ ತೆಗೆದುಕೊಂಡು ಬಂದುಬಿಡುತ್ತಾರೆ. ನೀವು ಹೋದಾಗ ಅವನ ಮಂಡಿಯ ಕಡೆಗೂ ಕಣ್ಣು ಹಾಯಿಸಿ. ಅಡ್ಡಲಾಗಿ ಕಲ್ಲಿನ ಪಟ್ಟಿಯೊಂದಿದೆ.