ಟ್ರಿಮ್ ಕೋಟೆಯಲ್ಲೊಂದು ದಿನ

ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನಿಂದ ವಾಯವ್ಯಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ, ಬಾಯ್ನ್ ನದಿಯ ದಂಡೆಯ ಮೇಲೆ ಟ್ರಿಮ್ ಎಂಬ ಪುಟ್ಟ ಪಟ್ಟಣವಿದೆ. ಮೀಥ್ ಕೌಂಟಿಗೆ ಸೇರಿದ ಈ ಊರಿನ ಐರಿಷ್ ಹೆಸರನ್ನು ಬಿಡಿಸಿದರೆ ‘ಎಲ್ಡರ್ ಮರಗಳ ಹಾಯ್ಗಡದ ಊರು’ ಎಂಬ ಅರ್ಥ ಬರುತ್ತದೆ. ಹೊಳೆ ದಾಟುವ ಜಾಗದಲ್ಲಿ ಊರು ಹುಟ್ಟುವುದು, ಆ ಊರನ್ನು ಕಾಯಲೆಂದೋ ಹಿಡಿದಿಡಲೆಂದೋ ಕೋಟೆ ಏಳುವುದು ಅನೇಕ ದೇಶಗಳ ಚರಿತ್ರೆಯಲ್ಲಿ ಕಾಣುವ ಸಂಗತಿ.

ಡಬ್ಲಿನ್ನಿನಲ್ಲಿ ಉದ್ಯೋಗದಲ್ಲಿರುವ ಮಗಳನ್ನು ನೋಡಲು ಹೋಗಿದ್ದ ಶ್ರೀರಂಗಪಟ್ಟಣದ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ತಮ್ಮ ಪ್ರವಾಸದ ಒಂದು ದಿನವನ್ನು ಟ್ರಿಮ್ಮಿಗೆಂದೇ ಮೀಸಲಿಟ್ಟರು. ತಂದೆಗೆ ಪಶ್ಚಿಮದ ಕಡಲತೀರವನ್ನು ತೋರಿಸಬೇಕೆಂಬುದು ಮಗಳ ಆಸೆಯಾಗಿತ್ತು. ಅವರ ಆಯ್ಕೆಗೆ ಬೇರೆಯೇ ಕಾರಣವಿತ್ತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ಮಡಿದ ಮೇಲೆ ಆ ಪಟ್ಟಣದ ಆಡಳಿತವನ್ನು ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಅದಕ್ಕೂ ಮೊದಲು 1790ರಿಂದ 1797ರವರೆಗೆ ಐರಿಷ್ ಸಂಸತ್ತಿನಲ್ಲಿ ಇದೇ ಟ್ರಿಮ್ಮಿನ ಪ್ರತಿನಿಧಿಯಾಗಿದ್ದವನು. ತಮ್ಮ ಊರಿನ ಚರಿತ್ರೆಯ ಒಂದು ತುದಿ ಇಲ್ಲಿದೆ ಎಂದು ಅವರು ಬಹುಕಾಲದಿಂದ ಬಲ್ಲರು. ಆದರೆ ಕಣ್ಣಾರೆ ಕಂಡಿರಲಿಲ್ಲ.

ಬಸ್ಸಿಳಿದವರಿಗೆ ಮೊದಲು ಕಾಣುವುದು ಕೋಟೆಯೇ. 1172ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿ ಮೀಥ್ ಸೀಮೆಯನ್ನು ಹ್ಯೂ ಡಿ ಲೇಸಿ ಎಂಬ ನಾರ್ಮನ್ ಸರದಾರನಿಗೆ ಕೊಟ್ಟನು. ಆತ ಮೊದಲು ಕಟ್ಟಿಸಿದ್ದು ಮರದ ಕೋಟೆ. ಐರ್ಲೆಂಡಿನ ಮಹಾರಾಜ ರೋರಿ ಓ ಕಾನರನ ದಾಳಿಯಲ್ಲಿ ಅದು ಸುಟ್ಟುಹೋಯಿತು. ಅನಂತರ ಅದೇ ಜಾಗದಲ್ಲಿ ಕಲ್ಲಿನ ಕೋಟೆ ಎದ್ದಿತು. ಹ್ಯೂ ಅದರ ಪೂರ್ಣರೂಪವನ್ನು ಕಾಣಲಿಲ್ಲ. 1186ರಲ್ಲಿ ಡರೋ ಎಂಬಲ್ಲಿ ಐರಿಷ್ ತರುಣನೊಬ್ಬನ ಕೊಡಲಿಯೇಟಿಗೆ ಸತ್ತನು. ಮಗ ವಾಲ್ಟರನ ಕಾಲದಲ್ಲಿ ಕೆಲಸ ಮುಂದುವರಿದು, ಐರ್ಲೆಂಡಿನ ನಾರ್ಮನ್ ಕೋಟೆಗಳಲ್ಲೆಲ್ಲ ದೊಡ್ಡದೆನಿಸಿದ ಈ ಕಟ್ಟಡ ಸಿದ್ಧವಾಯಿತು.

ಕೋಟೆಯ ನಡುಗೋಪುರದ ತಲವಿನ್ಯಾಸ ಅಪರೂಪದ್ದು. ಚೌಕದ ನಾಲ್ಕು ಮುಖಗಳಲ್ಲಿಯೂ ಒಂದೊಂದು ಉಪಗೋಪುರ ಹೊರಚಾಚಿರುವುದರಿಂದ ಅದು ಶಿಲುಬೆಯ ಆಕಾರ ತಳೆದು, ಹೊರಮೈಗೆ 20 ಮುಖಗಳು ಒದಗಿವೆ. ಗೋಡೆಗಳು ಸುಮಾರು ಮೂರು ಮೀಟರ್ ದಪ್ಪ. ನೋಟಕ್ಕೆ ಭವ್ಯವಾದ ಈ ರಚನೆಯಲ್ಲಿ ಒಂದು ದೌರ್ಬಲ್ಯವೂ ಇದೆ: ಮೂಲೆಗಳು ಹೆಚ್ಚಿದಷ್ಟೂ ಶತ್ರುವಿಗೆ ಮರೆಯಾಗುವ ಜಾಗವೂ ಹೆಚ್ಚುತ್ತದೆ. ಗೋಪುರವನ್ನು ಮಾರ್ಗದರ್ಶಿಯೊಡನೆಯೇ ಹತ್ತಬೇಕು. ಸುರುಳಿ ಮೆಟ್ಟಿಲುಗಳಲ್ಲಿ ಒಬ್ಬರ ಹಿಂದೆ ಒಬ್ಬರಾಗಿ ಏರಿ ಮೇಲೆ ನಿಂತರೆ ಬಾಯ್ನ್ ನದಿ, ಹುಲ್ಲುಗಾವಲು, ಆಚೆ ದಡದ ಪಾಳುಗೋಪುರಗಳು ಒಟ್ಟಿಗೆ ಕಾಣುತ್ತವೆ.

ಇದನ್ನು ‘ಜಾನ್ ದೊರೆಯ ಕೋಟೆ’ ಎಂದೂ ಕರೆಯುವ ರೂಢಿಯಿದೆ. 1210ರಲ್ಲಿ ಜಾನ್ ದೊರೆ ಟ್ರಿಮ್ಮಿಗೆ ಬಂದದ್ದು ನಿಜ. ಆದರೆ ಆತ ತಂಗಿದ್ದು ಕೋಟೆಯಲ್ಲಲ್ಲ, ಹೊರಗಿನ ಬಯಲಿನಲ್ಲಿ ಹೂಡಿದ ಡೇರೆಯಲ್ಲಿ. ಕಟ್ಟಿದವನ ಹೆಸರು ಹಿಂದೆ ಸರಿದು, ಬಂದುಹೋದವನ ಹೆಸರು ಉಳಿಯಿತು. ಈ ಮಾತು ಕೇಳಿದಾಗ ಅಧ್ಯಾಪಕರು ನಕ್ಕರು. ಊರ ಬಾಯಿಯ ಐತಿಹ್ಯವೊಂದು, ಕಲ್ಲಿನ ಬರಹವೊಂದು ಎನ್ನುವ ಪ್ರಸಂಗಗಳು ಶಾಸನ ಓದಿಸಿದವರಿಗೆ ಹೊಸವಲ್ಲ.

ನದಿಯ ಆಚೆಗೆ ಸೇಂಟ್ ಮೇರಿ ಮಠದ ಗಂಟೆಗೋಪುರದ ಅವಶೇಷ ಸುಮಾರು 40 ಮೀಟರ್ ಎತ್ತರಕ್ಕೆ ನಿಂತಿದೆ. ಇಳಿಬಿಸಿಲಿನಲ್ಲಿ ಹೊಂಬಣ್ಣ ತಳೆಯುವ ಅದಕ್ಕೆ ‘ಹಳದಿ ಗೋಪುರ’ವೆಂದೇ ಹೆಸರು. ಅದರ ಪಕ್ಕದಲ್ಲಿ 1415ರ ಟಾಲ್ಬಟ್ ಭವನವಿದೆ. ಸಾಹಿತ್ಯದ ವಿದ್ಯಾರ್ಥಿಗಳು ನೆನೆಯಬೇಕಾದ ಮನೆಯಿದು. ಸಮೀಪದ ಲಾರಕೋರ್ ಚರ್ಚಿನ ಪಾದ್ರಿಯಾಗಿದ್ದ ಜೊನಾಥನ್ ಸ್ವಿಫ್ಟ್ ಸ್ವಲ್ಪಕಾಲ ಇದರ ಒಡೆಯನಾಗಿದ್ದನು. ಮುಂದೆ ಇಲ್ಲಿ ಶಾಲೆ ನಡೆಸುತ್ತಿದ್ದ ಜೇಮ್ಸ್ ಹ್ಯಾಮಿಲ್ಟನ್ ತನ್ನ ಸೋದರನ ಮಗ ವಿಲಿಯಂ ರೋವನ್ ಹ್ಯಾಮಿಲ್ಟನನನ್ನು ಮೂರನೆಯ ವಯಸ್ಸಿನಿಂದ ಸಾಕಿ ಓದಿಸಿದನು. 1843ರಲ್ಲಿ ಕ್ವಾಟರ್ನಿಯನ್ ಎಂಬ ಗಣಿತವನ್ನು ಕಂಡುಕೊಂಡ ಆ ಮೇಧಾವಿ ಬಾಲ್ಯದಲ್ಲಿ ಕಲಿತ ಭಾಷೆಗಳಲ್ಲಿ ಸಂಸ್ಕೃತವೂ ಒಂದು. ಹುಡುಗನಿಗೆ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಕೆಲಸ ದೊರೆಯಲೆಂಬುದು ತಂದೆಯ ಅಪೇಕ್ಷೆಯಾಗಿತ್ತು. ಬಾಯ್ನ್ ದಂಡೆಯ ಮನೆಯಲ್ಲಿ ಸಂಸ್ಕೃತದ ಪಾಠ ನಡೆದುದರ ಹಿಂದೆ ಜ್ಞಾನದ ಹಸಿವಿನೊಡನೆ ಸಾಮ್ರಾಜ್ಯದ ಸಂಬಳವೂ ಇತ್ತು.

ಊರೊಳಗೆ ವೆಲ್ಲೆಸ್ಲಿಯ, ಅಂದರೆ ವೆಲ್ಲಿಂಗ್ಟನ್ ಡ್ಯೂಕನ ಸ್ಮಾರಕಸ್ತಂಭವಿದೆ. ವಾಟರ್ಲೂ ಯುದ್ಧವಾದ ಎರಡು ವರ್ಷಕ್ಕೆ, 1817ರಲ್ಲಿ, ಮೀಥಿನ ಜನ ಹಣ ಕೂಡಿಸಿ ನಿಲ್ಲಿಸಿದ್ದು. ಎತ್ತರದ ಕಂಬದ ತುದಿಯಲ್ಲಿ ಆತನ ಪ್ರತಿಮೆ. ಅಧ್ಯಾಪಕರು ಅದರ ಕೆಳಗೆ ಬಹಳ ಹೊತ್ತು ನಿಂತರು.

“ನಮ್ಮೂರನ್ನು ಸೂರೆಮಾಡಿದ ಸೈನ್ಯದವನಲ್ಲವೇ ಅಪ್ಪ? ನಿಮಗೆ ಸಿಟ್ಟು ಬರುವುದಿಲ್ಲವೇ?” ಎಂದು ಮಗಳು ಕೇಳಿದಳು.

“ಬರುತ್ತದಮ್ಮ, ಯಾಕೆ ಬರುವುದಿಲ್ಲ? ಆದರೆ ಸೂರೆಯನ್ನು ನಿಲ್ಲಿಸಲು ತನ್ನ ಸೈನಿಕರನ್ನೇ ಗಲ್ಲಿಗೇರಿಸಿದವನೂ ಇವನೇ. ಎರಡನ್ನೂ ಹೇಳಬೇಕು” ಎಂದರು.

ಅವರ ಬಾಲ್ಯದ ಆಟದ ಬಯಲು ದರಿಯಾ ದೌಲತ್ತಿನ ಆಸುಪಾಸಿನದು. ಆ ಮಹಲಿನಲ್ಲಿ ವೆಲ್ಲೆಸ್ಲಿ ಕೆಲಕಾಲ ವಾಸವಾಗಿದ್ದನು. ಗೆದ್ದವನನ್ನು ಊರಿನ ಕತೆಯಲ್ಲಿ ಕೇವಲ ಹೆಸರಾಗಿ ಕೇಳಿದ್ದವರಿಗೆ ಇಲ್ಲಿ ಆತನ ನೆಲವೂ ಕಾಣಿಸಿತು. ಆ ನೆಲವೂ ಹಿಂದೆ ಹೊರಗಿನವರು ಗೆದ್ದು ಕೋಟೆ ಕಟ್ಟಿದ ನೆಲವೇ. ಆತನ ಮನೆತನ ಆ ಗೆದ್ದವರ ಸಾಲಿಗೆ ಸೇರಿದ್ದು.

ಆದರೆ ಕನ್ನಡದ ಸಂಶೋಧಕರಿಗೆ ಹೆಚ್ಚು ಮುಖ್ಯನಾದವನು ಆತನ ಅಣ್ಣ ರಿಚರ್ಡ್ ವೆಲ್ಲೆಸ್ಲಿ. ಟ್ರಿಮ್ಮಿಗೆ ಹತ್ತಿರದ ಡಂಗನ್ ಕೋಟೆಯಲ್ಲಿ 1760ರಲ್ಲಿ ಹುಟ್ಟಿದ ರಿಚರ್ಡ್ 1798ರಿಂದ 1805ರವರೆಗೆ ಭಾರತದ ಗವರ್ನರ್ ಜನರಲ್ ಆಗಿದ್ದನು. ಮೈಸೂರಿನ ಮೇಲಿನ ಯುದ್ಧ ಆತನ ನಿರ್ಧಾರ. ಗೆದ್ದ ರಾಜ್ಯದ ಮೋಜಣಿಗೆ ಕಾಲಿನ್ ಮೆಕೆಂಜಿಯನ್ನು ನೇಮಿಸಿದ್ದೂ ಆತನ ಆಡಳಿತವೇ. ಭೂಮಿಯನ್ನು ಅಳೆಯಲು ಬಂದ ಮೆಕೆಂಜಿ ಶಾಸನ, ಓಲೆಗರಿ, ಕೈಫಿಯತ್ತುಗಳನ್ನೂ ಸಂಗ್ರಹಿಸಿದನು. ಆತನಿಗೆ ಹಳಗನ್ನಡ ಶಾಸನಗಳನ್ನು ಓದಿಕೊಟ್ಟವನು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. 1804ರಲ್ಲಿ ಮೆಕೆಂಜಿ ಕನಕಗಿರಿಗೆ ಬಂದಾಗ ಆತನನ್ನು ಕಂಡ ದೇವಚಂದ್ರ, ಆ ಪ್ರೇರಣೆಯಿಂದ ತೊಡಗಿದ ‘ರಾಜಾವಳೀ ಕಥೆ’ಯನ್ನು 1838ರಲ್ಲಿ ಮುಗಿಸಿದನು. ರಿಚರ್ಡನೇ 1800ರಲ್ಲಿ ಸ್ಥಾಪಿಸಿದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬೋಧಿಸುತ್ತಿದ್ದ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸಿರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಟ್ರಿಮ್ಮಿನಲ್ಲಿ ಕಂಬ ಎದ್ದ ವರ್ಷವೂ ಅದೇ. ಇದು ಕಾಕತಾಳೀಯವಿರಬಹುದು. ಆದರೂ ಯುದ್ಧದ ಕೀರ್ತಿ ಮತ್ತು ಭಾಷೆಯ ಅಭ್ಯಾಸ ಒಂದೇ ಬೇರಿನಿಂದ ಕವಲೊಡೆದುದನ್ನು ಆ ವರ್ಷ ನೆನಪಿಸುತ್ತದೆ.

ಆರ್ಥರನ ಬಗ್ಗೆಯೂ ಒಂದು ಸಂಗತಿಯುಂಟು. ಶ್ರವಣಬೆಳಗೊಳದ ಗೊಮ್ಮಟಮೂರ್ತಿ ಆತನ ಗಮನ ಸೆಳೆಯಿತೆಂದೂ, ಅದು ಬೆಟ್ಟದ ಬಂಡೆಯಿಂದಲೇ ಮೂಡಿತೋ ಬೇರೆಡೆಯಿಂದ ತಂದು ನಿಲ್ಲಿಸಿದ್ದೋ ಎಂದು ಆತ ಬೆರಗಾದನೆಂದೂ ವಾಸ್ತುಚರಿತ್ರಕಾರ ಜೇಮ್ಸ್ ಫರ್ಗುಸನ್ ದಾಖಲಿಸಿದ್ದಾನೆ. ಗೆದ್ದ ರಾಜ್ಯವನ್ನು ತ್ಯಜಿಸಿ ನಿಂತ ಬಾಹುಬಲಿಯ ಮುಂದೆ, ಆಗತಾನೇ ರಾಜ್ಯವೊಂದನ್ನು ಗೆದ್ದವನು ಕೇಳಿದ ಪ್ರಶ್ನೆ ಕಲ್ಲಿನ ಬಗೆಗಿನದು. ಆ ಮೂರ್ತಿಯ ಕಥೆ ಆತನಿಗೆ ಎಷ್ಟು ತಿಳಿದಿತ್ತೋ! ಅಧ್ಯಾಪಕರು ಈ ಪ್ರಸಂಗವನ್ನು ಕಂಬದ ಬುಡದಲ್ಲಿಯೇ ಮಗಳಿಗೆ ಹೇಳಿದರು. ಅವಳು ತಲೆಯೆತ್ತಿ ಆ ಪ್ರತಿಮೆಯನ್ನು ಮತ್ತೊಮ್ಮೆ ನೋಡಿದಳು.

ಮೆಕೆಂಜಿಯ ಕೈಫಿಯತ್ತುಗಳು ಇಂದು ಕನ್ನಡದಲ್ಲಿ ಸಂಪಾದನೆಗೊಂಡು ದೊರೆಯುತ್ತವೆ. ಸ್ಥಳೀಯ ಚರಿತ್ರೆ ಬರೆಯುವವರಿಗೆ ಅವು ಆಕರ. ಅವನ್ನು ಓದುವಾಗ, ಹೇಳಿದ ಶಾನುಭೋಗ, ಬರೆದ ಪಂಡಿತ, ಕೇಳಿದ ಅಧಿಕಾರಿ, ಕೇಳಿಸಿದ ಆಡಳಿತ ಈ ನಾಲ್ವರನ್ನೂ ಗಮನದಲ್ಲಿಡಬೇಕು. ಮೊದಲ ಮೂವರ ಬಗ್ಗೆ ನಮ್ಮಲ್ಲಿ ಚರ್ಚೆ ನಡೆದಿದೆ. ನಾಲ್ಕನೆಯದರ ಬೇರು ಹುಡುಕುತ್ತ ಹೊರಟವರು ಬಾಯ್ನ್ ನದಿಯ ಈ ಹಾಯ್ಗಡದವರೆಗೂ ಬರಬೇಕಾಗುತ್ತದೆ.