ಸಾವಕಾಶ ನಡಿಯೋರು ಮುಂದ

ಹೋದ ವಾರ ಧಾರವಾಡದಿಂದ ಕಾಕೂನ ಫೋನ್ ಬಂದಿತ್ತು. ಊಟ, ಹವಾ, ಮಕ್ಕಳು ಎಲ್ಲಾ ಕೇಳಿ ಆದ ಮ್ಯಾಲೆ ಕಡೀಕ ಕೇಳಿದ್ರು, "ಅಲ್ಲವಾ, ಮನ್ಯಾಗ ಎರಡೆರಡು ಕಾರು ಇಟಗೊಂಡು ಗುಡ್ಡದಾಗ ನಡಕೋತ ಹೋಗ್ತೀರಂತ? ಅಲ್ಲೇನು ದೇವರಿದ್ದಾನ?"

ನಕ್ಕು ಬಿಟ್ಟೆ. ಆದ್ರ ಫೋನಿನ್ಯಾಗ ಹೇಳೋವಷ್ಟು ಸಣ್ಣ ಮಾತಲ್ಲ ಅದು. ಅದಕ್ಕ ಇಲ್ಲೆ ಬರೀಲಿಕ್ಕತ್ತೀನಿ. ಕಾಕು, ನೀವೂ ಓದ್ರಿ.

ನಾವು ನಡಿಯೋ ಹಾದಿ ಹೆಸರು ಅಪಲೇಚಿಯನ್ ಟ್ರೇಲ್. ದಕ್ಷಿಣದಾಗ ಜಾರ್ಜಿಯಾದ ಸ್ಪ್ರಿಂಗರ್ ಗುಡ್ಡದಿಂದ ಸುರು, ಉತ್ತರದಾಗ ಮೇನ್ ರಾಜ್ಯದ ಕಟಾಡಿನ್ ಗುಡ್ಡಕ್ಕ ಮುಗೀತದ. ನಡುವ 14 ರಾಜ್ಯ, ಸುಮಾರು 2,190 ಮೈಲು. ನಮ್ಮ ಲೆಕ್ಕದಾಗ 3,500 ಕಿಲೋಮೀಟರ್. ಬೆಂಟನ್ ಮಕಾಯ್ ಅನ್ನೋರು 1921ರಾಗ ಇಂಥಾದ್ದೊಂದು ಹಾದಿ ಬೇಕು ಅಂತ ಬರದ್ರು, 1937ಕ್ಕ ಕೂಡಿ ಪೂರಾ ಆತು. ಒಂದೇ ಬೀಸಿನ್ಯಾಗ ನಡಿಯೋರಿಗೆ ಐದಾರು ತಿಂಗಳು ಬೇಕು. ನೌಕರಿ, ಮನಿ ಅಂತ ಇರೋ ನಮ್ಮಂಥೋರು ತುಂಡು ತುಂಡು ಮಾಡಿ ನಡೀತಾರ. ಪಾರಾಯಣದಾಗ ಒಂದು ಅಧ್ಯಾಯ ಓದಿ, ದಾರ ಇಟ್ಟು ಮುಚ್ಚಿ, ಮುಂದ ಅಲ್ಲಿಂದನ ತಗೀತೀವಲ್ಲಾ, ಹಂಗ. ಹಿಂಗ ವರ್ಷಾನುಗಟ್ಟಲೆ ನಡದು ಮುಗಸಿದ್ರೂ ಪೂರಾ ಹಾದಿ ನಡದಂಗನ ಲೆಕ್ಕ.

ನಾವಿರೋ ನ್ಯೂಜೆರ್ಸಿಯೊಳಗ ಈ ಹಾದಿ 72 ಮೈಲು ಹಾಯ್ದು ಹೋಗತದ. ಸಣ್ಣಾಕಿ ಕಾಲೇಜಿಗೆ ಹೋದ ಮ್ಯಾಲೆ ಮನ್ಯಾಗ ಇಬ್ಬರ ಉಳದ್ವಿ. ಇವರು ಟಿವಿ ಮುಂದ, ನಾ ಫೋನ್ ಮುಂದ. ಒಂದು ಶನಿವಾರ ಇವರ "ನಡಿ, ಹೊರಗ ಹೋಗೂಣು" ಅಂದ್ರು. ಡೆಲವೇರ್ ನದಿ ಗುಡ್ಡಾ ಸೀಳಿಕೊಂಡು ಬರೋ ಜಾಗಾದಿಂದ ಸನ್‌ಫಿಶ್ ಪಾಂಡ್ ಅನ್ನೋ ಕೆರಿ ತನಕ ಹತ್ತಿದ್ವಿ. ಹಿಮಗಡ್ಡಿ ಕಾಲದಾಗ ಆಗಿದ್ದ ಕೆರಿ ಅದು. ದಂಡಿ ಮ್ಯಾಲೆ ಕೂತು ಬುತ್ತಿ ಬಿಚ್ಚಿದಾಗ ಇಬ್ಬರಿಗೂ ಅನಿಸ್ತು, ಮುಂದ ಹೋಗಬೇಕು ಅಂತ.

ಇನ್ನ ಎರಡು ಕಾರಿನ ಮಾತು. ನಸಿಕಿನ್ಯಾಗ ಎದ್ದು ಇಬ್ಬರೂ ಒಂದೊಂದು ಕಾರು ತಗೊಂಡು ಹೋಗೋದು. ಒಂದನ್ನ ಅವತ್ತಿನ ಹಾದಿ ಮುಗಿಯೋ ಕಡೆ ಬಿಟ್ಟು, ಇನ್ನೊಂದರಾಗ ಕೂಡಿ ಸುರು ಆಗೋ ಕಡೆ ಬರೋದು. ನಡಕೋತ ಹೋದ್ರ ಕಡೀಕ ಕಾರು ಕಾಯತಿರತದ. ಒಮ್ಮೆ ಹನ್ನೊಂದು ಮೈಲು ನಡದು ಕಾರಿನ ಹತ್ರ ಬಂದು ನೋಡಿದ್ರ, ಅದರ ಕೀಲಿ ಮೊದಲನೇ ಕಾರಿನ್ಯಾಗ! ಅದಕ್ಕ ಈಗ ಎರಡೂ ಕೀಲಿ ನನ್ನ ಚೀಲದಾಗ, ಗುರೆಳ್ಳು ಹಿಂಡಿ ಡಬ್ಬಿ ಜೋಡಿ ಇರತಾವ. ಬುತ್ತಿಗೆ ದಶಮಿ, ಹಿಂಡಿ, ಒಂದಿಷ್ಟು ಬೆಲ್ಲ. ಹಾಲಿನ್ಯಾಗ ನಾದಿದ ದಶಮಿ ಎರಡು ದಿನಾ ಇಟ್ರೂ ಮೆತ್ತಗ ಇರತದ. ನಮ್ಮ ಹಿರ್ಯಾರು ಊರಿಗೆ ಹೊಂಟಾಗ ಇದನ್ನ ಯಾಕ ಕಟಗೋತಿದ್ರು ಅಂತ ನನಗ ಅಲ್ಲೆ ಗೊತ್ತಾತು.

ಇಷ್ಟೆಲ್ಲಾ ಛಲೋ ಇತ್ತು. ಒಂದು ಮಾತ್ರ ಇರಲಿಲ್ಲ. ಇವರ ಕಾಲು ಉದ್ದ, ನಡಿಗಿ ಬಿರುಸು. ಲಗ್ನಾದ ಹೊಸದಾಗಿ ಸುಭಾಸ ರಸ್ತೇದಾಗ ಸಂತಿಗೆ ಹೋದ್ರೂ ಇವರು ಹತ್ತು ಮಾರು ಮುಂದ, ಚೀಲಾ ಹಿಡಕೊಂಡು ನಾ ಹಿಂದ. ಗುಡ್ಡದಾಗನೂ ಹಂಗ. ಮುಂದ ಹೋಗಿ ಒಂದು ಕಲ್ಲಿನ ಮ್ಯಾಲೆ ಕೂತು ನನ್ನ ಹಾದಿ ನೋಡೋದು. ನಾ ಏದುಸಿರು ಬಿಟಗೋತ ಬಂದು ಮುಟ್ಟಿದ್ನೋ ಇಲ್ಲೋ, "ಬಂದ್ಯಾ? ನಡಿ" ಅಂತ ಏಳೋದು. ಕೂತು ದಣಿವು ಆರಿಸಿಕೊಂಡವರು ಅವರು, ಕೂಡಲಿಕ್ಕೆ ಬೇಕಾಗಿದ್ದು ನನಗ!

ಮುಂದಿನ ವರ್ಷ ಸನ್‌ರೈಸ್ ಮೌಂಟನ್ ದಾಟಿ ಹೋಗೋ ದಿನಾ ಅದು. ಈ ಹಾದಿ ತುಂಬ ಗಿಡದ ಬೊಡ್ಡಿಗೆ, ಕಲ್ಲಿಗೆ ಬಿಳಿ ಬಣ್ಣದ ಪಟ್ಟಿ ಬಳದಿರತಾರ, ಎರಡಿಂಚು ಅಗಲ, ಆರಿಂಚು ಉದ್ದ. ಒಂದರ ಮ್ಯಾಲೊಂದು ಎರಡು ಪಟ್ಟಿ ಇದ್ರ ಹಾದಿ ತಿರಗತದ, ಹುಷಾರು ಅಂತ ಅರ್ಥ. ನಾ ಕೆಳಗ ಕಲ್ಲು ನೋಡಕೋತ ಹೊಂಟಾಕಿ, ಆ ಎರಡು ಪಟ್ಟಿ ನೋಡಲೇ ಇಲ್ಲ. ಬ್ಯಾರೆ ಕಾಲುದಾರಿ ಹಿಡದು ಎಷ್ಟೋ ಹೊತ್ತಿನ ಮ್ಯಾಲೆ ಬಿಳಿ ಪಟ್ಟಿನ ಇಲ್ಲಲಾ ಅಂತ ಲಕ್ಷ್ಯಕ್ಕ ಬಂತು. ಫೋನಿಗೆ ಸಿಗ್ನಲ್ ಇಲ್ಲ. ಎರಡು ಸಲ ಕೂಗಿದೆ, ಉತ್ತರ ಇಲ್ಲ. ಕರಡಿ ಇರೋ ಅಡವಿ. ಬಂದ ಹಾದೀಲೆ ಹಿಂದ ಹೋಗಿ, ಆ ಎರಡು ಪಟ್ಟಿ ಗಿಡದ ಕೆಳಗ ಕೂತೆ. ಸುಮಾರು ನಲವತ್ತು ನಿಮಿಷ ಆಗಿತ್ತು, ಇವರು ಓಡಿಕೋತ ಬಂದ್ರು. ಮಾರಿ ಬೆಳ್ಳಗಾಗಿತ್ತು.

"ಎಲ್ಲಿ ಹೋಗಿದ್ದಿ ನೀ?" ಅಂದ್ರು.

"ನಾ ಎಲ್ಲೂ ಹೋಗಿಲ್ಲ. ಹೋದವರು ನೀವು" ಅಂದೆ.

ಆಮ್ಯಾಲೆ ಮಾತಿಲ್ಲ. ಹಾದಿ ಮುಗಿಸಿ, ಹಿಂದ ಬಿಟ್ಟ ಕಾರು ತಗೊಂಡು, ಇಬ್ಬರೂ ಒಂದೊಂದು ಕಾರಿನ್ಯಾಗ ಮನಿಗೆ ಬಂದ್ವಿ. ಹಾದಿ ತುಂಬ ಅವರ ಕಾರಿನ ಕೆಂಪು ದೀಪ ನನ್ನ ಮುಂದನ ಇತ್ತು. ಅದನ್ನ ನೋಡಿ ಅತ್ತೆ. ಮೂರು ತಿಂಗಳು ಚೀಲಾ ಮುಟ್ಟಲಿಲ್ಲ.

ಆ ಮೂರು ತಿಂಗಳಿನ್ಯಾಗ ಲೈಬ್ರರಿಯಿಂದ ತಂದು ಎಮ್ಮಾ ಗೇಟ್‌ವುಡ್ ಅನ್ನೋ ಅಜ್ಜಿ ಕಥಿ ಓದಿದೆ. 11 ಮಕ್ಕಳ ತಾಯಿ, ಗಂಡನ ಕೈಲೆ ಹೊಡತಾ ತಿಂದು ಬಾಳೇವು ಮಾಡಿದಾಕಿ, ಕಡೀಕ ಸೋಡಚೀಟಿ ತಗೊಂಡಾಕಿ. 1954ರಾಗ ಮೇನ್‌ದಿಂದ ಹೊಂಟು ಹಾದಿ ತಪ್ಪಿದ್ಲು, ಚಾಳೀಸು ಒಡೀತು, ಮನಿಗೆ ಕಳಿಸಿದ್ರು. ಮುಂದಿನ ವರ್ಷ ಜಾರ್ಜಿಯಾದಿಂದ ಮತ್ತ ಹೊಂಟ್ಲು. 67 ವಯಸ್ಸು, ಕಾಲಾಗ ಕ್ಯಾನ್ವಾಸ್ ಬೂಟು, ಹೆಗಲಿಗೆ ತಾನ ಹೊಲಕೊಂಡ ಚೀಲ, ಮಳಿಗೆ ಬಚ್ಚಲದ ಪ್ಲಾಸ್ಟಿಕ್ ಪಡದೆ. ಒಬ್ಬಾಕಿನ ಪೂರಾ ಹಾದಿ ನಡದ ಮೊದಲನೇ ಹೆಣಮಗಳು ಆಕಿ. 1957ರಾಗ ಮತ್ತೊಮ್ಮೆ ನಡದ್ಲು. ಮೂರನೇ ಸಲ ನಮ್ಮಂಗ ತುಂಡು ತುಂಡಾಗಿ ನಡದು 1964ರಾಗ ಮುಗಸಿದ್ಲು.

ಒಂದು ರಾತ್ರಿ ಊಟದ ಮುಂದ ಇವರಿಗೆ ಆ ಕಥಿ ಹೇಳಿದೆ. "ನನಗ ಯಾರೂ ಹೊಡದಿಲ್ಲ, ಬೈದಿಲ್ಲ. ಒಬ್ಬಾಕಿನ ನಡೀಬೇಕು ಅಂತನೂ ಇಲ್ಲ. ಆದ್ರ ಜೋಡಿ ಹೋಗಿ ಒಬ್ಬಾಕಿನ ನಡಿಯೋದು ಸಾಕಾಗೇದ ರೀ" ಅಂದೆ. ಇವರು ತಾಟಿನ್ಯಾಗಿನ ಅನ್ನ ಕಲಸಿಕೋತ ಸುಮ್ಮನ ಕೂತ್ರು. ತಾಟು ತೊಳದಿಟ್ಟು ಬಂದು ಅಂದ್ರು, "ಇನ್ನ ಮ್ಯಾಲೆ ಸಾವಕಾಶ ನಡಿಯೋರು ಮುಂದ ಇರಬೇಕು."

ಅವತ್ತಿನಿಂದ ನಾ ಮುಂದ. ಮುಂದ ನಡಿಯೋದಕ್ಕೂ ತ್ರಾಸು ಅದ ನೋಡ್ರಿ. ಮುಂಜಾನೆ ಜೇಡರ ಬಲಿ ಎಲ್ಲಾ ನಮ್ಮ ಮಾರಿಗೇ! ಬಿಳಿ ಪಟ್ಟಿ ಹುಡಕೋದೂ ನಮ್ಮ ಪಾಲಿಗೆ. ಮೊದಮೊದಲು ಹಿಂದಿನಿಂದ ಇವರ ಉಸ್ ಅನ್ನೋ ಸಪ್ಪಳ ಕೇಳತಿತ್ತು. ಆಮ್ಯಾಲೆ ಮಾತು ಸುರು ಆತು. ಒಬ್ಬರ ಮಾರಿ ಒಬ್ಬರಿಗೆ ಕಾಣೂದಿಲ್ಲ, ಅದಕ್ಕೋ ಏನೋ, ಮನ್ಯಾಗ ಆಡದ ಮಾತು ಅಲ್ಲೆ ಬರತಾವ. 2009ರಾಗ ಇವರ ಆಫೀಸಿನ್ಯಾಗ ಮಂದೀನ ತಗದು ಹಾಕಲಿಕ್ಕತ್ತಿದ್ರಲ್ಲಾ, ಆಗ ನನ್ನ ಬಂಗಾರ ಮಾರಿದ್ರ ಎಷ್ಟು ತಿಂಗಳು ಮನಿ ನಡೀತದ ಅಂತ ಲೆಕ್ಕಾ ಹಾಕಿ, ಚೀಟಿ ಹರದು ಒಗದಿದ್ರಂತ. ಇಷ್ಟು ವರ್ಷ ಆದ ಮ್ಯಾಲೆ, ಗುಡ್ಡಾ ಹತ್ತಕೋತ ನನ್ನ ಬೆನ್ನಿಗೆ ಹೇಳಿದ್ರು. ನಾ ತಿರುಗಿ ನೋಡಲಿಲ್ಲ. "ಬಳಿ ಲೆಕ್ಕಾ ಹಿಡದಿದ್ರಿಲ್ಲೋ?" ಅಂದೆ. ಇಬ್ಬರೂ ನಕ್ವಿ.

ಹಿಂಗ ನ್ಯೂಜೆರ್ಸಿ ಮುಗೀತು, ನ್ಯೂಯಾರ್ಕ್ ಸುರು ಆತು. ಹೋದ ವರ್ಷ ಬೇರ್ ಮೌಂಟನ್ ಗುಡ್ಡಕ್ಕ ಬಂದ್ವಿ. ಈ ಹಾದಿಯ ಮೊದಲನೇ ತುಂಡು 1923ರಾಗ ತೆರದದ್ದು ಆ ಕಡೇನ. ಕೆಳಗ ಇಳೀಲಿಕ್ಕೆ ನೂರಾರು ಕಲ್ಲಿನ ಪಾವಟಿಗಿ. ಅರ್ಧಕ್ಕ ಬಂದಾಗ ಹಿಂದಿನ ಮಾತು ನಿಂತಿತು. ತಿರುಗಿ ನೋಡಿದ್ರ ಇವರು ಮಣಕಾಲು ಹಿಡಕೊಂಡು ನಿಂತಾರ. ಏನೂ ಆಗಿಲ್ಲ ಅಂದ್ರು. ನಾ ಪಕ್ಕಕ್ಕ ಸರದು ನಿಂತೆ.

"ಮುಂದ ನಡೀರಿ" ಅಂದೆ.

"ಯಾಕ?"

"ಸಾವಕಾಶ ನಡಿಯೋರು ಮುಂದ ಅಂತ ಅಂದವರು ನೀವ."

ಕೆಳಗ ಪ್ರಾಣಿ ಸಂಗ್ರಹಾಲಯದೊಳಗ ಹಾದಿ ಹೋಗತದ, ಕರಡಿ ಪಂಜರದ ಬಾಜೂಕ. ಪೂರಾ ಟ್ರೇಲಿನ್ಯಾಗ ಎಲ್ಲಾಕಿಂತ ತಗ್ಗಿನ ಜಾಗಾ ಅದ. ಅಲ್ಲಿಗೆ ಮುಟ್ಟಲಿಕ್ಕೆ ಭಾಳ ಹೊತ್ತು ಹಿಡೀತು. ಇವರು ಒಂದೊಂದ ಪಾವಟಿಗಿ ಇಳಕೋತ ಮುಂದ, ನಾ ಹಿಂದ. ಅಷ್ಟು ವರ್ಷದಾಗ ಇವರ ತಲಿ ಹಿಂದ ಬೆಳ್ಳಗಾಗಿದ್ದು ನಾ ನೋಡಿದ್ದು ಅವತ್ತ.

ನೂರು ಮೈಲು ದಾಟೀವಿ, ಉಳದದ್ದು ಎರಡು ಸಾವಿರದ ಮ್ಯಾಲೆ. ಡಾಕ್ಟರು ಮಣಕಾಲಿಗೆ ವ್ಯಾಯಾಮ ಹೇಳ್ಯಾರ, ದಿನಾ ಮಾಡಲಿಕ್ಕತ್ತಾರ. ಈ ಜನ್ಮದಾಗ ಹಾದಿ ಮುಗಿಯೂದಿಲ್ಲ ಅಂತ ಇಬ್ಬರಿಗೂ ಗೊತ್ತದ. ಮುಂದಿನ ಸಲ ನಾಕ ಮೈಲು ಸಾಕು ಅಂತ ಮಾತಾಗೇದ.

ಕಾಕು, ಮುಂದಿನ ಬ್ಯಾಸಗಿಗೆ ನೀವು ಬರ್ತೀರಲ್ಲಾ, ಪೋಚಕ್ ಅನ್ನೋ ಕಡೆ ಇದೇ ಹಾದಿ ಜವಳಿನ ಮ್ಯಾಲೆ ಕಟ್ಟಿಗಿ ಹಲಗಿ ಹಾಸಿಕೊಂಡು ಹೋಗತದ. ಸುಮಾರು ಒಂದು ಮೈಲು, ಸಪಾಟ ಅದ, ಏರಿಲ್ಲ. ನಿಮ್ಮ ಮಣಕಾಲಿನ ಚಿಂತಿ ಮಾಡಬ್ಯಾಡ್ರಿ. ನೀವು ಮುಂದ ನಡೀರಿ, ನಾವಿಬ್ಬರೂ ಹಿಂದ ಬರ್ತೀವಿ.